ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ನಿಂದ ಮೂಳೆ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ನನಗೆ 64 ವರ್ಷ, ನಿವೃತ್ತ ಶಿಕ್ಷಕ. ಸಕ್ಕರೆ ಕಾಯಿಲೆ ಇದೆ. ಈಚೆಗೆ ತೊಡೆಗಳು ಸೊರಗಿವೆ, ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗುವುದಿಲ್ಲ. ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ 270 ಬಂದಿದೆ. ಇಂಜೆಕ್ಷನ್ ತೆಗೆದುಕೊಂಡರೆ ಸ್ನಾಯು, ಮೂಳೆ ಎರಡೂ ಗಟ್ಟಿಯಾಗುತ್ತವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?
– ಓದುಗರು, ಹಾವೇರಿ

ಉತ್ತರ: ಈ ಒಂದು ರಿಪೋರ್ಟ್ ನಂಬಿಕೊಂಡು ದಯವಿಟ್ಟು ಇಂಜೆಕ್ಷನ್ ಶುರು ಮಾಡಬೇಡಿ. ಟೆಸ್ಟೋಸ್ಟೆರಾನ್ ಎಂಬ ಈ ಪುರುಷ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆ ಮಾಡಿಸಿ. ಎರಡು ಸಲವೂ 300ಕ್ಕಿಂತ (ಡೆಸಿಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) ಕಡಿಮೆ ಬಂದು, ಕಾಮಾಸಕ್ತಿ ಕುಗ್ಗುವಂಥ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆಯ ಮಾತು. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಒಟ್ಟು ಪ್ರಮಾಣ ಕಡಿಮೆ ಕಾಣುವುದು ಸಾಮಾನ್ಯ. ಅವರಿಗೆ ಫ್ರೀ ಟೆಸ್ಟೋಸ್ಟೆರಾನ್, ಅಂದರೆ ರಕ್ತದ ಪ್ರೋಟೀನ್‌ಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಭಾಗವನ್ನು ಕೂಡ ನೋಡಬೇಕಾಗುತ್ತದೆ.

ಮೂಳೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದಲ್ಲಿ 65 ದಾಟಿದ, ಟೆಸ್ಟೋಸ್ಟೆರಾನ್ ಕಡಿಮೆಯಿದ್ದ ಗಂಡಸರಿಗೆ ಒಂದು ವರ್ಷ ಚರ್ಮಕ್ಕೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟು ನೋಡಿದಾಗ ಬೆನ್ನುಮೂಳೆಯ ಸಾಂದ್ರತೆ ಚೆನ್ನಾಗಿಯೇ ಏರಿತ್ತು. ಆ ಫಲಿತಾಂಶ 2017ರಲ್ಲಿ ಬಂತು. ಸಾಂದ್ರತೆ ಏರಿದರೆ ಮೂಳೆ ಮುರಿಯುವುದೂ ಕಡಿಮೆಯಾಗಬೇಕಲ್ಲವೇ? ಟ್ರಾವರ್ಸ್ ಎಂಬ ದೊಡ್ಡ ಅಧ್ಯಯನ ಅದನ್ನೇ ಲೆಕ್ಕ ಹಾಕಿತು. ಅದರಲ್ಲಿದ್ದವರು ಟೆಸ್ಟೋಸ್ಟೆರಾನ್ ಕಡಿಮೆಯಿದ್ದ, ಹೃದ್ರೋಗ ಅಥವಾ ಅದರ ಅಪಾಯವಿದ್ದ 45ರಿಂದ 80 ವರ್ಷದ ಗಂಡಸರು. ಎರಡು ಗುಂಪಿನಲ್ಲೂ ತಲಾ ಸುಮಾರು 2,600 ಜನ. ಸರಾಸರಿ ಮೂರು ವರ್ಷದಲ್ಲಿ ಜೆಲ್ ಹಚ್ಚಿಕೊಂಡವರಲ್ಲಿ 91 ಜನರಿಗೆ ಮೂಳೆ ಮುರಿದಿತ್ತು, ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ 64 ಜನರಿಗೆ. 2024ರ ಜನವರಿಯಲ್ಲಿ ಇದು ಪ್ರಕಟವಾಯಿತು. ಹಾಗಾಗಿ ಮೂಳೆ ಉಳಿಸಿಕೊಳ್ಳಲೆಂದೇ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್‌ನಂಥ ಮೂಳೆಯದೇ ಔಷಧಗಳಿವೆ.

ಟೆಸ್ಟೋಸ್ಟೆರಾನ್‌ನಿಂದ ಸ್ನಾಯು ಸ್ವಲ್ಪ ತುಂಬಿಕೊಳ್ಳುವುದು ನಿಜ, ಆದರೆ ನಡಿಗೆಯಲ್ಲಿ ಅಷ್ಟೇ ಸುಧಾರಣೆ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದಿದ್ದು ಆ ‘ಕೈ ಊರದೆ ಏಳಲಾಗುವುದಿಲ್ಲ’ ಎಂಬ ಮಾತು. ವಿಟಮಿನ್ ಡಿ ತೀರಾ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಹೀಗಾಗುತ್ತದೆ, ಎರಡನ್ನೂ ಪರೀಕ್ಷಿಸಿ. ಒಂದೇ ತೊಡೆ ನೋವಿನ ಜೊತೆ ಬೇಗ ಸೊರಗಿದ್ದರೆ ಸಕ್ಕರೆ ಕಾಯಿಲೆಯಿಂದ ನರಕ್ಕೆ ಪೆಟ್ಟು ಬಿದ್ದಿರಬಹುದು. ಅದಕ್ಕೆ ತಡ ಮಾಡದೆ ನರರೋಗ ತಜ್ಞರ ಹತ್ತಿರ ಹೋಗಿ.

ಇವೆಲ್ಲ ಸರಿಯಿದ್ದರೆ ಇವತ್ತೇ ಶುರು ಮಾಡಿ: ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ನಿಧಾನವಾಗಿ ಹತ್ತು ಸಲ ಏಳಿ, ಕೂರಿ. ಆಗದಿದ್ದರೆ ಮೊದಲು ಕುರ್ಚಿಯ ಮೇಲೆ ದಿಂಬು ಹಾಕಿಕೊಳ್ಳಿ. ಸುಲಭವೆನಿಸಿದ ಮೇಲೆ ಕೈಯಲ್ಲಿ ತೂಕ ಹಿಡಿಯಿರಿ. ಭಾರ ಏರಿಸುತ್ತ ಹೋಗದೆ ಸ್ನಾಯು ಬೆಳೆಯುವುದಿಲ್ಲ. ಬರೀ ವಾಕಿಂಗ್ ಸಾಲದು. ಊಟದಲ್ಲಿ ಬೇಳೆ, ಕಾಳು, ಮೊಸರು, ಅಭ್ಯಾಸವಿದ್ದರೆ ಮೊಟ್ಟೆ ಹೆಚ್ಚಲಿ, ಆದರೆ ಅದಕ್ಕೆ ಮುಂಚೆ ಕಿಡ್ನಿ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ರಾಗಿ ಬಿಡಬೇಡಿ; 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ.

ಕೊರತೆ ಖಚಿತವಾದರೆ ಚಿಕಿತ್ಸೆಗೆ ಹಿಂಜರಿಯುವುದು ಬೇಡ. ಶುರು ಮಾಡುವ ಮೊದಲು ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ), ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು) ಪರೀಕ್ಷೆ ಆಗಿರಲಿ, 3ರಿಂದ 6 ತಿಂಗಳೊಳಗೆ ಮತ್ತೆ ನೋಡಿಸಿ. ಹೆಮಟೊಕ್ರಿಟ್ 54% ದಾಟಿದರೆ ರಕ್ತ ಮಂದವಾಗಿದೆ ಎಂದರ್ಥ, ಔಷಧ ನಿಲ್ಲಿಸಲೇಬೇಕು.