381654729: ಬಾಲ ಕತ್ತರಿಸಿದರೂ ಶೇಷ ಉಳಿಯದ ಸಂಖ್ಯೆ

ಪ್ರಶ್ನೆ: ಅಕ್ಕೋರೆ, ನಂದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ನಮ್ಮಲ್ಲಿ ಕೆಲಸಕ್ಕಿರುವ ಹುಡುಗ 381654729 ಅಂತ ಬರೆದು ತೋರಿಸಿ, "ಇಂಥ ನಂಬರ್ ಇದೊಂದೇ" ಅಂದ. ನಿಜವೇ? ಕೊನೆಗೊಂದು ಸೊನ್ನೆ ಹಚ್ಚಿ ಮೊಬೈಲ್ ನಂಬರ್ ಮಾಡಿಸಿಕೊಂಡರೆ ಅಂಗಡಿಗೆ ಒಳ್ಳೇದಾಗುತ್ತದೆಯೇ?

ಉತ್ತರ: ಹುಡುಗ ಹೇಳಿದ್ದು ನಿಜ. ಬಿಲ್ ಪುಸ್ತಕದ ಹಿಂದೆ ಬರೆದು ನೋಡಿ. 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಮೊದಲ ಎರಡಂಕಿ 38, ಅದು 2ರಿಂದ ಭಾಗ ಹೋಗುತ್ತದೆ. ಮೊದಲ ಮೂರಂಕಿ 381, ಅದು 3ರಿಂದ. 3816 ನಾಲ್ಕರಿಂದ, 38165 ಐದರಿಂದ. ಹೀಗೇ ಒಂಬತ್ತರವರೆಗೂ ನಡೆಯುತ್ತದೆ, ಎಲ್ಲೂ ಶೇಷ ಇಲ್ಲ.

ಇದೊಂದೇ ಯಾಕೆ? ಬಾಗಲಕೋಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವಾಗ ನಾನು ಬೋರ್ಡಿನ ಮೇಲೆ ಒಂಬತ್ತು ಖಾಲಿ ಮನೆ ಬರೆದು ಮಕ್ಕಳಿಗೆ ಬಿಡುತ್ತಿದ್ದೆ. ಐದನೇ ಮನೆಗೆ 5 ಬಿಟ್ಟರೆ ಗತಿಯಿಲ್ಲ, ಸೊನ್ನೆ ಇಲ್ವಲ್ಲ! 2, 4, 6, 8ನೇ ಮನೆಗಳಿಗೆ ಸಮ ಅಂಕಿ, ಉಳಿದವಕ್ಕೆ ಬೆಸ. ನಾಲ್ಕನೇ ಮನೆಯ ಹಿಂದೆ ಬೆಸ ಅಂಕಿ ಇರುವುದರಿಂದ ಅಲ್ಲಿ 2 ಅಥವಾ 6 ಮಾತ್ರ ಕೂರುತ್ತದೆ. 12, 16, 32, 36 ನೆನಪು ಮಾಡಿಕೊಳ್ಳಿ. ಎಂಟನೇ ಮನೆಗೂ ಇದೇ ಕಟ್ಟು. ಮೊದಲ ಮೂರಂಕಿಯೂ ಮೊದಲ ಆರಂಕಿಯೂ 3ರಿಂದ ಭಾಗ ಹೋಗಬೇಕಾದ್ದರಿಂದ, ನಡುವಿನ ಮೂರಂಕಿಯ ಮೊತ್ತವೂ ಹೋಗಬೇಕು. ಅಲ್ಲಿಗೆ ನಡುವೆ 258 ಇಲ್ಲವೇ 654.

ಇಷ್ಟು ಜರಡಿ ಹಿಡಿದು, ಮೊದಲ ಎಂಟಂಕಿ 8ರಿಂದ ಭಾಗ ಹೋಗುತ್ತದೆಯೇ ಅಂತಲೂ ನೋಡಿದ ಮೇಲೆ ಉಳಿಯುವುದು ಹತ್ತೇ ಸಂಖ್ಯೆ. ಆ ಹತ್ತರಲ್ಲಿ ಯಾವುದಿದೆ ಗೊತ್ತಾ? 987654321! ಸುಮ್ನೆ ಹಿಂದುಮುಂದಾಗಿ ಎಣಿಸಿದ್ದು ಅಷ್ಟೆ, ಆದರೂ ಉಳಿದೆಲ್ಲ ಪರೀಕ್ಷೆಯಲ್ಲಿ ಪಾಸು. 98765432ನ್ನು 8ರಿಂದ ಭಾಗಿಸಿದರೆ 12345679 ಬರುತ್ತದೆ, ಅದೂ ಚಂದವೇ. ಆದರೆ 9876543ನ್ನು 7ರಿಂದ ಭಾಗಿಸಿ, 5 ಉಳಿಯುತ್ತದೆ. ನಮ್ಮ ಮಕ್ಕಳೂ ಏಳರ ಹತ್ತಿರವೇ ಮುಖ ಸಪ್ಪಗೆ ಮಾಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಅಲ್ಲೇ ಬೀಳುತ್ತವೆ. 3816547 ಮಾತ್ರ 545221 ಸಲ ಭಾಗ ಹೋಗಿ ಲೆಕ್ಕ ಚುಕ್ತಾ. 9ರ ಚಿಂತೆಯೇ ಬೇಡ. ಎಲ್ಲ ಅಂಕಿ ಕೂಡಿದರೆ 45, ಹೇಗೆ ಜೋಡಿಸಿದರೂ ಭಾಗ ಹೋಗುತ್ತದೆ.

ಸೊನ್ನೆ ಹಚ್ಚಿದರೆ 10ರಿಂದಲೂ ಭಾಗ ಹೋಗುತ್ತದೆ, ನಿಮ್ಮ ಯೋಚನೆ ಜಾಣತನದ್ದೇ. ಆದರೆ ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುತ್ತವೆ, 3ರಿಂದ ಅಲ್ಲ. ಯಾರಾದರೂ ಕೊಡಿಸುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ. ವ್ಯಾಪಾರದ ಮಟ್ಟಿಗೆ ಹೇಳುವುದಾದರೆ, ಸೆರಗಿನ ಬಣ್ಣ ಹೋಗದಿದ್ದರೆ ಗಿರಾಕಿ ಮತ್ತೆ ಬರುತ್ತಾರೆ, ನಂಬರ್ ನೋಡಿ ಬರುವುದಿಲ್ಲ ಅಲ್ವಾ?

ಅಂಕಿ ಮತ್ತೆ ಮತ್ತೆ ಬಂದರೂ ಸೈ ಅಂದರೆ ಈ ಆಟ 25 ಅಂಕಿಯವರೆಗೆ ಹೋಗುತ್ತದೆ, ಅಲ್ಲಿಗೆ ಮುಗಿಯುತ್ತದೆ: 3608528850368400786036725. ಆ ಹುಡುಗನ ಕೈಗೆ ಇದನ್ನು ಕೊಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ಮುಟ್ಟದೆ ಕೂತಿರುತ್ತಾನೆ.