ಬಟ್ಟೆ ಸುಟ್ಟವರು ಮರುದಿನ ಏನು ಉಟ್ಟರು?

ನಮಸ್ಕಾರ.

ನೀವು ಕಳಿಸಿದ ‘ಸ್ವದೇಶಿ: ಸ್ವಾಭಿಮಾನದ ಕಿಚ್ಚು’ ಲೇಖನವನ್ನು ಆಗಸ್ಟ್ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಪ್ರತಿ ವರ್ಷ ಆ ತಿಂಗಳಿಗೆಂದು ಇದೇ ವಿಷಯದ ಮೇಲೆ ಹತ್ತಾರು ಲೇಖನಗಳು ಬರುತ್ತವೆ. ಲೇಖಕರ ಹೆಸರು ಮುಚ್ಚಿಟ್ಟರೆ ಅವುಗಳ ನಡುವೆ ನಿಮ್ಮದು ಯಾವುದೆಂದು ಗುರುತು ಹಿಡಿಯಲಾಗದು. ಹಾಗಿದ್ದೂ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗದೆ ಇಷ್ಟು ಬರೆಯಲು ನಿಮ್ಮ ಐದನೆಯ ಪುಟದ ಒಂದು ವಾಕ್ಯ ಕಾರಣ. ಅದು ಯಾವುದೆಂದು ಆಮೇಲೆ ಹೇಳುತ್ತೇನೆ.

ಮೊದಲು ತಪ್ಪುಗಳು. ‘1905ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಬಂಗಾಳದ ಜನ ವಿದೇಶಿ ಬಟ್ಟೆ ತ್ಯಜಿಸಿದರು’ ಎಂದು ಬರೆದಿದ್ದೀರಿ. ಆಗ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದರು. ಭಾರತಕ್ಕೆ ಮರಳಿದ್ದು 1915ರ ಜನವರಿಯಲ್ಲಿ. ಬಂಗಾಳ ವಿಭಜನೆಯನ್ನು ವಿರೋಧಿಸಿ ವಿದೇಶಿ ಮಾಲಿನ ಬಹಿಷ್ಕಾರಕ್ಕೆ ಠರಾವು ಆದದ್ದು 1905ರ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲ್‌ನಲ್ಲಿ. ಕೃಷ್ಣಕುಮಾರ ಮಿತ್ರರ ‘ಸಂಜೀವನಿ’ ಪತ್ರಿಕೆ ಅದಕ್ಕೂ ಮೊದಲೇ ಈ ಮಾತೆತ್ತಿತ್ತು. ನೇಕಾರರ ಹೆಬ್ಬೆರಳನ್ನು ಇಂಗ್ಲಿಷರು ಕತ್ತರಿಸಿದರು ಎಂಬ ಕಥೆಯನ್ನೂ ಸೇರಿಸಿದ್ದೀರಿ. ಈಸ್ಟ್ ಇಂಡಿಯಾ ಕಂಪನಿಯ ಮಾಜಿ ನೌಕರ ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದದ್ದು ಬೇರೆ: ರೇಷ್ಮೆ ನೂಲು ತೆಗೆಯುವವರು ಬಲವಂತದ ದುಡಿಮೆಯಿಂದ ಪಾರಾಗಲು ತಮ್ಮ ಹೆಬ್ಬೆರಳನ್ನು ತಾವೇ ಕಡಿದುಕೊಂಡರು ಎಂದು. ಇದು ನೀವು ಬರೆದದ್ದಕ್ಕಿಂತ ಘೋರವಲ್ಲವೇ? ಇರುವುದನ್ನು ಇದ್ದಂತೆ ಹೇಳಿದರೆ ಸಾಕಿತ್ತು.

ವಸಾಹತು ಆಡಳಿತದ ಅನ್ಯಾಯವನ್ನು ಓದುಗನಿಗೆ ಮುಟ್ಟಿಸಲು ರಕ್ತವೇ ಬೇಕೆಂದಿಲ್ಲ. 1896ರಲ್ಲಿ ಸರ್ಕಾರ ಹೊರಗಿನಿಂದ ಬರುವ ಬಟ್ಟೆಯ ಮೇಲೆ ಶೇಕಡಾ 3.5 ಸುಂಕ ಇಟ್ಟಿತು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗಿರಣಿ ಮಾಲೀಕರಿಗೆ ಇದರಿಂದ ತೊಂದರೆಯಾಗಬಾರದೆಂದು ಭಾರತದ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಮೇಲೂ ಅಷ್ಟೇ ಸುಂಕ ಹಾಕಿತು. ತನ್ನ ನೆಲದಲ್ಲಿ, ತನ್ನ ಹತ್ತಿಯಿಂದ ಆದ ಬಟ್ಟೆಗೆ ಈ ದೇಶ ಹೆಚ್ಚುಕಡಿಮೆ ಮೂವತ್ತು ವರ್ಷ ಆ ತೆರಿಗೆ ಕಟ್ಟಿತು. ನಿಮ್ಮ ಎಂಟು ಪುಟಗಳಲ್ಲಿ ಇದರ ಸುದ್ದಿಯೇ ಇಲ್ಲ.

ಇನ್ನು ನನ್ನ ಮುಖ್ಯ ತಕರಾರು. ನಿಮ್ಮ ಲೇಖನದಲ್ಲಿ ಬಟ್ಟೆ ಮೂರು ಕಡೆ ಉರಿಯುತ್ತದೆ: 1905ರಲ್ಲಿ ಕಲ್ಕತ್ತದಲ್ಲಿ, ಅದೇ ವರ್ಷ ಪುಣೆಯಲ್ಲಿ, 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ. ಮೂರು ಕಡೆಯೂ ಜ್ವಾಲೆ ‘ಮುಗಿಲು ಮುಟ್ಟುತ್ತದೆ’. ಮರುದಿನ ಬೆಳಿಗ್ಗೆ ಅವರೆಲ್ಲ ಏನು ಉಟ್ಟರು? ಎಲ್ಲಿಂದ ತಂದರು? ಗಜಕ್ಕೆ ಎಷ್ಟು ಹೆಚ್ಚು ಕೊಟ್ಟರು? ಹಳೆಯ ಸರಕನ್ನು ಸಾಲ ಮಾಡಿ ತುಂಬಿಸಿಕೊಂಡಿದ್ದ ಸಣ್ಣ ಅಂಗಡಿಯವನ ಗತಿ ಏನಾಯಿತು? ಬಹಿಷ್ಕಾರ ಒಂದು ಸಂಜೆಯಲ್ಲಿ ಆಗುವ ಕೆಲಸ, ಖಾಲಿಯಾದ ಅಂಗಡಿಯನ್ನು ತುಂಬಲು ವರ್ಷಗಳು ಬೇಕು. ನೀವು ಇವೆರಡನ್ನೂ ಒಂದೇ ಎಂಬಂತೆ ಬರೆದಿದ್ದೀರಿ.

ಬಂಗಾಳದಲ್ಲಿ ಆದದ್ದನ್ನೇ ನೋಡಿ. ಬೇಡಿಕೆಯನ್ನು ಪೂರೈಸುವಷ್ಟು ಗಿರಣಿಗಳು ಅಲ್ಲಿರಲಿಲ್ಲ. ಕೈಮಗ್ಗದವರು ನೇಯುತ್ತಿದ್ದ ಸಣ್ಣ ನೂಲು ಬಹುಪಾಲು ಇಂಗ್ಲೆಂಡಿನದೇ. ಹಾಗಾಗಿ ಲಾಭವಾದದ್ದು ಮುಂಬಯಿ, ಅಹಮದಾಬಾದಿನ ಗಿರಣಿಗಳಿಗೆ, ಮತ್ತು ಅವರು ದೇಶಭಕ್ತಿಗೆಂದು ಬೆಲೆ ಇಳಿಸಲಿಲ್ಲ. ಪೂರ್ವ ಬಂಗಾಳದ ಬಡ ರೈತ, ಅವರಲ್ಲಿ ಹೆಚ್ಚಿನವರು ಮುಸ್ಲಿಮರು, ಅಗ್ಗದ ಮ್ಯಾಂಚೆಸ್ಟರ್ ಬಟ್ಟೆ ಬಿಟ್ಟು ದುಬಾರಿಯಾದ ದಪ್ಪ ಬಟ್ಟೆ ಕೊಳ್ಳಬೇಕಾಯಿತು. ಒಲ್ಲೆ ಎಂದ ಕಡೆ ಹಿಂದೂ ಜಮೀನ್ದಾರರ ಕಡೆಯವರು ಸಂತೆಯಲ್ಲಿ ಒತ್ತಾಯ ಮಾಡಿದರು. 1907ರಲ್ಲಿ ಕೊಮಿಲ್ಲ, ಜಮಾಲ್‌ಪುರಗಳಲ್ಲಿ ಗಲಭೆಯಾದಾಗ ಈ ಕಹಿಯೂ ಅದರೊಳಗಿತ್ತು. ವಿಭಜನೆ ಜಾರಿಯಾದ 1905ರ ಅಕ್ಟೋಬರ್ 16ರಂದು ರಾಖಿ ಕಟ್ಟಿಸಿ ಹಾಡು ಬರೆದುಕೊಟ್ಟ ರವೀಂದ್ರನಾಥ ಠಾಕೂರರೇ ಎರಡು ಮೂರು ವರ್ಷಗಳಲ್ಲಿ ಬಡವರ ಮೇಲಿನ ಈ ಬಲವಂತವನ್ನು ಖಂಡಿಸಿ ದೂರ ಸರಿದರು. ಇದನ್ನೆಲ್ಲ ಬರೆದರೆ ಚಳವಳಿಗೆ ಕಳಂಕ ಹಚ್ಚಿದಂತೆ ಎಂದು ನೀವು ಹಿಂಜರಿದಿರಬಹುದು. ಆ ಚಳವಳಿಯನ್ನು ನಡೆಸಿದವರೇ ಇದರ ಬಗ್ಗೆ ಬಹಿರಂಗವಾಗಿ ಜಗಳವಾಡಿದ್ದರು. ನೂರು ವರ್ಷ ಕಳೆದ ಮೇಲೆ ನಾವು ಮುಚ್ಚಿಡುವುದು ಯಾರ ಮಾನ ಕಾಯಲು?

ಅಂಕಿಗಳ ಬಗ್ಗೆಯೂ ಒಂದು ಮಾತು. ವಿದೇಶಿ ಬಟ್ಟೆಯ ಆಮದು 1920-21ರಲ್ಲಿ 102 ಕೋಟಿ ರೂಪಾಯಿ ಇದ್ದದ್ದು ಮರುವರ್ಷ 57 ಕೋಟಿಗೆ ಇಳಿಯಿತು ಎಂದು ಸರಿಯಾಗಿಯೇ ಕೊಟ್ಟಿದ್ದೀರಿ. ಅಷ್ಟೂ ಅಸಹಕಾರದ ಗೆಲುವು ಎಂದು ಬರೆದದ್ದು ಮಾತ್ರ ಅವಸರ. ಆ ಹೊತ್ತಿಗೆ ರೂಪಾಯಿಯ ವಿನಿಮಯ ದರ ಕುಸಿದು ಆಮದು ವ್ಯಾಪಾರಿಗಳು ಕೈ ಸುಟ್ಟುಕೊಂಡಿದ್ದರು. ‘ಇನ್ನು ವಿದೇಶಿ ಮಾಲು ತರಿಸುವುದಿಲ್ಲ’ ಎಂದು ಪ್ರತಿಜ್ಞೆ ಮಾಡುವುದು ಅವರಲ್ಲಿ ಎಷ್ಟೋ ಜನರಿಗೆ ಅನುಕೂಲವೇ ಆಗಿತ್ತು. ಒಬ್ಬನೇ ವ್ಯಾಪಾರಿಯಲ್ಲಿ ದೇಶಪ್ರೇಮವೂ ಲೆಕ್ಕಾಚಾರವೂ ಒಟ್ಟಿಗೆ ಇದ್ದವು ಎಂದು ತೋರಿಸಿ, ಓದುಗ ನಿಮ್ಮನ್ನು ಹೆಚ್ಚು ನಂಬುತ್ತಾನೆ.

ನಿಮ್ಮ ಮುತ್ತಜ್ಜಿ ‘ರಾಟೆಯಲ್ಲಿ ಸ್ವರಾಜ್ಯದ ಕನಸು ನೂಲುತ್ತಿದ್ದರು’ ಎಂಬ ಭಾಗ ಗೆಳೆಯರಿಗೆ ಬಹಳ ಹಿಡಿಸಿತು ಎಂದು ಪತ್ರದಲ್ಲಿ ತಿಳಿಸಿದ್ದೀರಿ. ನನಗೆ ಹಿಡಿಸಲಿಲ್ಲ. ಕನಸನ್ನು ಬಿಡಿ, ಅವರು ನೂಲುತ್ತಿದ್ದ ಹತ್ತಿಯ ಹಂಜಿ ಎಲ್ಲಿಂದ ಬರುತ್ತಿತ್ತು? ಒಂದು ಲಡಿ ನೂಲಿಗೆ ಕೂಲಿ ಎಷ್ಟು? ಕೊಡುತ್ತಿದ್ದವರು ಯಾರು, ನೂಲು ಗಂಟುಗಂಟಾಗಿದೆ ಎಂದು ಹಿಂದಕ್ಕೆ ಕಳಿಸಿದ್ದುಂಟೇ? ಮನೆಯಲ್ಲಿ ಕೇಳಿ ನೋಡಿ. ಯಾರಿಗಾದರೂ ನೆನಪಿದ್ದರೆ ಮುತ್ತಜ್ಜಿ ಲೇಖನದಲ್ಲಿ ಇರಲಿ, ಇಲ್ಲವಾದರೆ ಆ ಭಾಗ ತೆಗೆಯಿರಿ. ಕೂಲಿಯ ಪ್ರಶ್ನೆ ಸಣ್ಣದಲ್ಲ. 1935ರಲ್ಲಿ ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗಲೇಬೇಕೆಂದು ಗಾಂಧೀಜಿ ಪಟ್ಟು ಹಿಡಿದಾಗ, ಖಾದಿ ಇನ್ನೂ ದುಬಾರಿಯಾಗಿ ಮಾರಾಟ ನಿಂತೀತೆಂಬ ಆತಂಕ, ಖಾದಿ ಕೆಲಸ ನಡೆಸುತ್ತಿದ್ದ ಚರಕಾ ಸಂಘದೊಳಗೇ ಎದ್ದಿತು. ಅದಕ್ಕೂ ಹಿಂದಿನದು ಇನ್ನೂ ಸ್ವಾರಸ್ಯಕರ. ‘ಹಿಂದ್ ಸ್ವರಾಜ್’ನಲ್ಲಿ ರಾಟೆಯನ್ನು ಬಡತನಕ್ಕೆ ಮದ್ದೆಂದು ಬರೆಯುವ ಹೊತ್ತಿಗೆ ತಾವು ರಾಟೆಯನ್ನಾಗಲಿ ಕೈಮಗ್ಗವನ್ನಾಗಲಿ ನೋಡಿದ ನೆನಪಿಲ್ಲ ಎಂದು ಗಾಂಧೀಜಿಯೇ ಹೇಳಿಕೊಂಡಿದ್ದಾರೆ. ಆಶ್ರಮದ ಮಗ್ಗಗಳು ಮೊದಲು ನಡೆದದ್ದು ಗಿರಣಿಯ ನೂಲಿನಿಂದ. ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ರಾಟೆಗಳನ್ನು ಗಂಗಾಬೆನ್ ಮಜ್ಮುದಾರ್ ಹುಡುಕಿಕೊಟ್ಟ ಮೇಲೆಯೇ ಕೈನೂಲಿನ ಕೆಲಸ ಹತ್ತಿದ್ದು.

ಈಗ ಆ ಐದನೆಯ ಪುಟ. ‘ಚಿದಂಬರಂ ಪಿಳ್ಳೆಯವರ ಹಡಗುಗಳು ಕೊನೆಗೆ ಪ್ರತಿಸ್ಪರ್ಧಿಗಳ ಪಾಲಾದವು’ ಎಂದು ಬರೆದು, ಪೂರ್ಣವಿರಾಮ ಹಾಕಿ, ಮತ್ತೆ ಪರೇಲ್‌ನ ಬೆಂಕಿಗೆ ಹೋಗಿಬಿಟ್ಟಿದ್ದೀರಿ. ಎಂಟು ಪುಟಗಳಲ್ಲಿ ಬೆಲೆ ತೆತ್ತವನೊಬ್ಬ ಕಾಣಿಸುವುದು ಅಲ್ಲಿ ಮಾತ್ರ. ಲೇಖನ ಇದರ ಮೇಲೆಯೇ ನಿಲ್ಲಲಿ.

ತೂತ್ತುಕುಡಿಯಿಂದ ಕೊಲಂಬೊಗೆ ಹೋಗುವ ದಾರಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಕೈಯಲ್ಲಿತ್ತು. ವಕೀಲರಾಗಿದ್ದ ವಿ.ಓ. ಚಿದಂಬರಂ ಪಿಳ್ಳೆ 1906ರಲ್ಲಿ ಸ್ವದೇಶಿ ಹಡಗು ಕಂಪನಿ ನೋಂದಾಯಿಸಿದರು. ಬಂಡವಾಳ ಹತ್ತು ಲಕ್ಷ ರೂಪಾಯಿ, ತಲಾ 25 ರೂಪಾಯಿಯ 40,000 ಷೇರುಗಳು. ಮೊದಲು ಬಾಡಿಗೆ ಹಡಗು. ಒತ್ತಡ ಬಿದ್ದು ಬಾಡಿಗೆ ಕೊಟ್ಟವರು ಹಿಂದೆಗೆದಾಗ ಷೇರು ಮಾರಲು ಊರೂರು ತಿರುಗಿ, ಗ್ಯಾಲಿಯಾ ಮತ್ತು ಲಾವೋ ಎಂಬ ಎರಡು ಸ್ವಂತ ಹಡಗುಗಳನ್ನು ತರಿಸಿದರು. ಆಮೇಲೆ ಶುರುವಾದದ್ದು ದರಸಮರ. ಇಂಗ್ಲಿಷ್ ಕಂಪನಿ ತಲೆಗೆ ಒಂದು ರೂಪಾಯಿಗೆ ಇಳಿಸಿತು, ಇವರು ಎಂಟಾಣೆಗೆ ಇಳಿಸಿದರು. ಕಡೆಗೆ ಅವರು ಪುಕ್ಕಟೆ ಪ್ರಯಾಣದ ಜೊತೆಗೆ ಒಂದು ಕೊಡೆಯನ್ನೂ ಕೊಡಲು ಮುಂದಾದರು ಎಂದು ಹೇಳುತ್ತಾರೆ. ಪುಕ್ಕಟೆ ಹಡಗು, ಮೇಲೊಂದು ಕೊಡೆ ಬಿಟ್ಟು ಎಂಟಾಣೆ ಕೊಟ್ಟು ಹತ್ತುವವನು ಯಾರು? ಎಷ್ಟು ದಿನ ಹತ್ತುತ್ತಾನೆ? ದಯವಿಟ್ಟು ಈ ಪ್ರಶ್ನೆಯನ್ನು ಅವಸರದಲ್ಲಿ ದಾಟಬೇಡಿ. ನೀವು ‘ಕಿಚ್ಚು’ ಎಂದು ಕರೆದದ್ದು ಪರೀಕ್ಷೆಗೆ ನಿಂತದ್ದು ಆ ಟಿಕೆಟ್ ಕಟ್ಟೆಯಲ್ಲಿ.

1908ರಲ್ಲಿ ಅಲ್ಲಿನ ಕೋರಲ್ ಮಿಲ್‌ನ ಕಾರ್ಮಿಕರ ಮುಷ್ಕರಕ್ಕೆ ಪಿಳ್ಳೆ ನಿಂತರು, ಕೂಲಿ ಏರಿತು, ಮಾರ್ಚ್‌ನಲ್ಲಿ ಅವರು ಜೈಲು ಸೇರಿದರು. ಮೊದಲು ವಿಧಿಸಿದ್ದು ಎರಡು ಜೀವಾವಧಿ ಗಡೀಪಾರು, ಮೇಲ್ಮನವಿಯಲ್ಲಿ ಇಳಿಯಿತು. ಜೈಲಿನಲ್ಲಿ ಎತ್ತಿನ ಬದಲು ಅವರನ್ನು ಗಾಣಕ್ಕೆ ಕಟ್ಟಿದರು. 1912ರ ಕೊನೆಯಲ್ಲಿ ಹೊರಬಂದಾಗ ಕಂಪನಿ ಮುಚ್ಚಿ ಒಂದು ವರ್ಷವಾಗಿತ್ತು. ಇಲ್ಲಿಯೂ ‘ಹುತಾತ್ಮ’, ‘ವೀರಪುತ್ರ’ ಎಂದು ಸೇರಿಸಬೇಡಿ. ಗಾಣ ಸಾಕು.

ಇದು ತಮಿಳುನಾಡಿನ ಸಂಗತಿ, ಕನ್ನಡ ಪತ್ರಿಕೆಗೆ ಒಗ್ಗುವುದೇ ಎಂಬ ಅನುಮಾನ ಬೇಡ. ನಮ್ಮ ನೆಲದ್ದೇ ಬೇಕೆನ್ನಿಸಿದರೆ ಧಾರವಾಡ ಇದೆ: 1921ರ ಜುಲೈ 1ರಂದು ಹೆಂಡದಂಗಡಿ ಎದುರಿನ ಪಿಕೆಟಿಂಗ್ ಗೋಲಿಬಾರಿನಲ್ಲಿ ಮುಗಿದು ಮೂವರು ಖಿಲಾಫತ್ ಸ್ವಯಂಸೇವಕರು ಸತ್ತರು. ಹೆಂಡದ ಅಬಕಾರಿ, ಧಾರವಾಡವನ್ನು ಆಗ ಆಳುತ್ತಿದ್ದ ಮುಂಬಯಿ ಸರ್ಕಾರದ ದೊಡ್ಡ ವರಮಾನಗಳಲ್ಲೊಂದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇನ್ನು ನೀವು ಬೆಳಗಾವಿ ಜಿಲ್ಲೆಯವರು. ಅಲ್ಲಿ ನಡೆದ 1924ರ ಕಾಂಗ್ರೆಸ್ ಅಧಿವೇಶನಕ್ಕೆ ನಾಲ್ಕು ಸಾಲು ಕೊಟ್ಟು, ಅದರಲ್ಲಿ ಮೂರನ್ನು ಮಂಟಪದ ಅಲಂಕಾರಕ್ಕೆ ಖರ್ಚು ಮಾಡಿದ್ದೀರಿ. ಕಾಂಗ್ರೆಸ್ ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಅಲ್ಲಿ ಒಪ್ಪಿಗೆಯಾಯಿತು. ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಕೊಡಬಹುದಿತ್ತು. ವರ್ಷ ತುಂಬುವುದರೊಳಗೆ ಪಾಟ್ನಾದ ಕಾಂಗ್ರೆಸ್ ಸಭೆಯಲ್ಲಿ ನಾಲ್ಕಾಣೆ ಮರಳಿ ಬಂತು. ನೂಲಲೊಲ್ಲದ ಕಾಂಗ್ರೆಸಿಗರ ಬಗ್ಗೆ ಯಾರೂ ಬರೆಯುವುದಿಲ್ಲ. ಕಾಂಗ್ರೆಸ್ ಮುಂದಾಳು ಗಂಗಾಧರರಾವ್ ದೇಶಪಾಂಡೆಯವರು ಖಾದಿ ಕೆಲಸ ನಡೆಸಿದ ಹುದಲಿ ನಿಮ್ಮಿಂದ ದೂರವಿಲ್ಲ, ಒಮ್ಮೆ ಹೋಗಿ ಬನ್ನಿ. ಆದರೆ ಇವೆಲ್ಲವನ್ನೂ ಒಂದೇ ಲೇಖನದಲ್ಲಿ ತುರುಕಬೇಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪುಟದಲ್ಲಿ ‘ಕಿಚ್ಚು’ ನಾಲ್ಕು ಸಲ ಬಂದಿದೆ, ‘ಕೆಚ್ಚೆದೆ’ ಮೂರು ಸಲ. ಕೊನೆಯ ಪುಟದಲ್ಲಿ ಇಂದಿನ ಯುವಜನ ವಿದೇಶಿ ಮೊಬೈಲ್ ಎಸೆಯಬೇಕೆಂದು ಕರೆ ಕೊಟ್ಟಿದ್ದೀರಿ. ಲೇಖನ ಬಂದದ್ದು ಮೊಬೈಲ್‌ನಿಂದಲೇ ಎಂದು ಕಾಣುತ್ತದೆ. ಆ ಪುಟ ಪೂರ್ತಿ ಹೋಗಲಿ.

ಹೊಸ ಕರಡು 1,500 ಪದ ಮೀರದಿರಲಿ. ಆಗಸ್ಟ್ ತಿಂಗಳ ಹಂಗು ಬಿಡಿ, ಚೆನ್ನಾಗಿ ಬಂದರೆ ಯಾವ ತಿಂಗಳಾದರೂ ಹಾಕುತ್ತೇವೆ. ಟಿಕೆಟ್ ದರ, ಷೇರಿನ ಮೊತ್ತ ಎಲ್ಲಿಂದ ತೆಗೆದುಕೊಂಡಿರೆಂದು ಅಂಚಿನಲ್ಲಿ ಬರೆದು ಕಳಿಸಿ, ಇಲ್ಲಿ ಪರಿಶೀಲಿಸುತ್ತೇವೆ.

ಇಂತು,
ಸಂಪಾದಕ