ಯುದ್ಧದ ಸುದ್ದಿ ಬಂದರೆ ಅಡುಗೆ ಎಣ್ಣೆ ತುಟ್ಟಿಯಾಗುತ್ತದೆ. ದಾವಣಗೆರೆಯಲ್ಲಿ ನಾಲ್ವರ ಮನೆ ಖರ್ಚು ಹಿಡಿತದಲ್ಲಿಡುವುದು ಹೇಗೆ?

ದೇಶದಲ್ಲಿ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಏರಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೂ ನಿಲ್ಲಿಸಿತು. ಶೇಂಗಾ ಎಣ್ಣೆ ಸಾಮಾನ್ಯವಾಗಿ ದುಬಾರಿ, ಆದರೆ ಇಂಥ ಹೊತ್ತಿನಲ್ಲಿ ಅಂತರ ತಗ್ಗುತ್ತದೆ. ಆಗ ಒಗ್ಗರಣೆ, ಪಲ್ಯಕ್ಕೆ ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆಗೆ ಬದಲಾಯಿಸಿ. ಜನ ಅತ್ತ ತಿರುಗಿದಂತೆ ಅದೂ ಏರುತ್ತದೆ, ತಡಮಾಡಬೇಡಿ.

ಹೆದರಿ 15 ಕೆಜಿ ಡಬ್ಬ ಮಾತ್ರ ತರಬೇಡಿ. ತೆರೆದ ಮೇಲೆ ಗಾಳಿ ತಾಗಿ ಎಣ್ಣೆ ಕಮಟಾಗುತ್ತದೆ. ಒಂದು ತಿಂಗಳಿಗಾಗುವಷ್ಟು ಪ್ಯಾಕೆಟ್ ಹೆಚ್ಚುವರಿ ಇದ್ದರೆ ಸಾಕು. ಕೊಳ್ಳುವಾಗ ತೂಕ ಓದಿ: ಲೀಟರ್ ಅಂದರೆ ಸುಮಾರು 910 ಗ್ರಾಂ. 800, 850 ಗ್ರಾಂ ಪ್ಯಾಕೆಟ್‌ಗಳೂ ನೋಡಲು ಅಷ್ಟೇ ದಪ್ಪ, ಅಗ್ಗವೆಂದು ಮೋಸಹೋಗುವುದು ಅಲ್ಲೇ.

ಗ್ಯಾಸ್ ಕೂಡ ಬಹುಪಾಲು ಆಮದು. ಬೇಳೆ ಅರ್ಧ ಗಂಟೆ ನೆನೆಸಿ, ಮೊದಲ ಸೀಟಿಯ ನಂತರ ಉರಿ ಸಣ್ಣ ಮಾಡಿ.